ಜೀಪಿನ ಡಾಕ್ಟರಮ್ಮ, ನನ್ನ ಕಾರು

ಡಾಕ್ಟರಮ್ಮನ ಬಲತೋಳು ಎಡತೋಳಿಗಿಂತ ದಪ್ಪ. ಬಳೆಯಿಲ್ಲದ ಕೈ, ಬುಡದವರೆಗೆ ಕತ್ತರಿಸಿದ ಉಗುರು. ವರ್ಷಗಟ್ಟಲೆ ಆಕಳು, ಎಮ್ಮೆ, ಕುರಿಗಳ ಹೆರಿಗೆ ಮಾಡಿಸಿದ ತೋಳು ಅದು. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವರು ಸರ್ಕಾರಿ ಪಶುವೈದ್ಯೆ.

ಅವರದೊಂದು ಹಳೆಯ ಜೀಪು. ಹಿಂದೆ ಹಗ್ಗ, ಬಕೆಟ್ಟು, ಸಲೈನ್ ಬಾಟಲಿ, ಜೊತೆಗೆ ದಾರಿಯಲ್ಲಿ ಕೈಮಾಡಿದ ಯಾರಾದರೂ ಇರುತ್ತಿದ್ದರು. ಅಕ್ಕಿ ಗಿರಣಿಯವನಾದ ನಾನು ಆ ವರ್ಷ ದೊಡ್ಡ ಎಲೆಕ್ಟ್ರಿಕ್ ಕಾರು ತಂದಿದ್ದೆ. ಬಿಳಿ ಸೀಟು, ಮೇಲೆಲ್ಲ ಗಾಜು. ಮಕ್ಕಳು ಚಪ್ಪಲಿ ಬಿಟ್ಟು ಹತ್ತಬೇಕಿತ್ತು.

"ಸಾವ್ಕಾರ್ರ, ಇದು ಗಾಡಿ ಐತೋ ದೇವರ ಮನಿ ಐತೋ?" ಎಂದು ಡಾಕ್ಟರಮ್ಮ ನಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಚೀಲ, ಬಕೆಟ್ಟು ಹಿಡಿದು ಗೇಟಿಗೆ ಬಂದರು. ಜೀಪು ರಿಪೇರಿಗೆಂದು ಲಿಂಗಸುಗೂರಿನಲ್ಲಿತ್ತು.

"ಮಸ್ಕಿ ಕಡೆ ಒಂದು ಕುರಿ ಈಯಾಕ ಆಗವಲ್ದು. ಗಾಡಿ ತಗೀರಿ." ನಾನು ಉತ್ತರಿಸುವ ಮೊದಲೇ ಚಾರ್ಜಿಂಗ್ ವೈರು ಕಿತ್ತಿದ್ದರು.

ಮಸ್ಕಿ ದಾಟಿ ಹೊಲದ ದಾರಿ ಹಿಡಿದಾಗ ಕಾರಿನ ತಳ ಕಲ್ಲಿಗೆ ತಾಗಿತು. ನನ್ನ ಎದೆಗೇ ತಾಗಿದಂತಾಯಿತು. ಅವರು ಕೆಳಗಿಳಿದು, ಮುಂದೆ ಮುಂದೆ ನಡೆಯುತ್ತ ಕಲ್ಲು ಎತ್ತಿ ಪಕ್ಕಕ್ಕೆಸೆದರು.

ಕುರಿಯನ್ನು ಮುಟ್ಟಿ ನೋಡಿ, "ಮರಿ ಅಡ್ಡ ಐತಿ. ಆಸ್ಪತ್ರಿಗೆ ಒಯ್ಯಬೇಕು," ಎಂದರು.

ಕುರಿಗಾರ ಹಿಂಜರಿದ. "ಬ್ಯಾಡ್ರಿ ಅಮ್ಮಾರ, ಸಾವ್ಕಾರ್ರ ಗಾಡಿ ಹೊಲಸ ಆಗ್ತೈತಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕುರಿಯೂ ನೋಡಿತು.

"ಹತ್ತಸ್ರಿ," ಎಂದೆ.

ಆತ ಸೀಟಿಗೆ ತನ್ನ ಕಂಬಳಿ ಹಾಸಿದ. ಸದ್ದಿಲ್ಲದ ಕಾರಿನಲ್ಲಿ ಕುರಿ ನಿಧಾನಕ್ಕೆ ಒದರಾಟ ಬಿಟ್ಟಿತು. "ನನ್ನ ಜೀಪಿನ್ಯಾಗಾದ್ರ ಅಂಜಿ ಸಾಯ್ತಿತ್ತು. ಭಾಳ ಚಲೋ ಗಾಡಿ ತಂದೀರಿ," ಎಂದರು. ಮೊದಲ ಸಲ ಹೊಗಳಿದ್ದರು! ಅಷ್ಟರಲ್ಲೇ, "ನಿಲ್ಲಸ್ರಿ! ಮರಿ ತಿರಗ್ಯಾದ!"

ಗಾಜಿನ ಮಾಡಿನಿಂದ ಬಿದ್ದ ಬಿಸಿಲಿನಲ್ಲಿ ಆ ದಪ್ಪ ತೋಳು ಮರಿಯನ್ನು ಹೊರಗೆಳೆಯಿತು. ಮರಿಗೆ ಉಸಿರಿರಲಿಲ್ಲ. ಮೂಗು ಒರೆಸಿದರು, ಎದೆ ತಿಕ್ಕಿದರು, ಮತ್ತೆ ತಿಕ್ಕಿದರು. ನಾವಿಬ್ಬರು ಗಂಡಸರು ಕಾರಿನ ಬಾಗಿಲು ಹಿಡಿದು ನಿಂತಿದ್ದೆವು. ಮರಿ ಸೀನಿತು. ಕುರಿಗಾರ ನನ್ನನ್ನು ತಬ್ಬಿಕೊಂಡೇಬಿಟ್ಟ. ಅದರ ಹಿಂದೆಯೇ ಇನ್ನೊಂದು ಮರಿ, ಯಾರ ಸಹಾಯವೂ ಬೇಡವೆಂಬಂತೆ, ಸೀಟಿನ ಮೇಲೆ ಜಾರಿ ಬಿತ್ತು.

ಸೀಟಿನ ಕಲೆ ಪೂರ್ತಿ ಹೋಗಲಿಲ್ಲ. ಅಂದಿನಿಂದ ಮಕ್ಕಳು ಕಾರಿನಲ್ಲಿ ಶೇಂಗಾ ತಿನ್ನುತ್ತಾರೆ, ಊರಿನ ಬಸುರಿಯರು ಆಸ್ಪತ್ರೆಗೆ ಅದರಲ್ಲೇ ಹೋಗುತ್ತಾರೆ. ಡಾಕ್ಟರಮ್ಮ ಇಲ್ಲದಿದ್ದರೆ ಅದು ಇನ್ನೂ ಮನೆಯ ಮುಂದೆ ಕವರು ಹೊದ್ದುಕೊಂಡೇ ಮಲಗಿರುತ್ತಿತ್ತು.

ಬಡ್ತಿಯಾಗಿ ಅವರು ಬೇರೆ ಜಿಲ್ಲೆಗೆ ಹೋದರು. ಹೋದ ವಾರ ಹೊಸ ಡಾಕ್ಟರನ್ನು ದಢೇಸುಗೂರಿಗೆ ಕರೆದೊಯ್ದಿದ್ದೆ. ಕಷ್ಟದಲ್ಲಿದ್ದ ಎಮ್ಮೆ ಕರು ಹಾಕಿತು. ಖುಷಿ ತಡೆಯಲಾಗದೆ ಅಲ್ಲಿಂದಲೇ ಅವರಿಗೆ ಫೋನು ಮಾಡಿದೆ.

"ಹೆಣ್ಣು ಕರ ಏನ್ರಿ, ಗಂಡು ಕರ?" ಕೇಳಿದರು.

ನಾನು ನೋಡಿರಲೇ ಇಲ್ಲ.

"ತಡೀರಿ ಮೇಡಂ, ಫೋನ್ ಇಡಬ್ಯಾಡ್ರಿ," ಎಂದು ಕೊಟ್ಟಿಗೆಗೆ ಓಡಿದೆ.