ಚೇರಮನ್ನರು ಮೊಮ್ಮಗಳನ್ನು ತಯಾರು ಮಾಡಿದ್ದು

ಕಾಗವಾಡದ ವಿರುಪಾಕ್ಷಪ್ಪನವರು ಊರ ಸೊಸೈಟಿಗೆ ಚೇರಮನ್ನರಾಗಿದ್ದುದು ಒಂದೇ ಅವಧಿಗೆ. ಆಮೇಲೆ ಚುನಾವಣೆ ಸೋತರು, ಪಕ್ಷ ಬಿಟ್ಟರು, ಮತ್ತೊಂದು ಪಕ್ಷ ಹಿಡಿದು ಅದರಲ್ಲೂ ಸೋತರು. ಆದರೆ ಆ ಪದವಿಯ ಹೆಸರನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಫೋನು ಮಾಡಿ "ವಿರುಪಾಕ್ಷಪ್ಪ ಅದಾರೇನ್ರಿ?" ಎಂದರೆ, "ಹಾಂ, ಚೇರಮನ್ನರು ಮಾತಾಡಾಕತ್ತಾರ, ಹೇಳ್ರಿ" ಎಂದು ತಾವೇ ಉತ್ತರ ಕೊಡುತ್ತಿದ್ದರು.

ಅರವತ್ತು ದಾಟಿದ ಮೇಲೆ ಅವರಿಗೆ ಕಾಲದ ಮೇಲಿನ ನಂಬಿಕೆ ಹೋಯಿತು. ಹೋಗುವುದಕ್ಕೆ ಕಾರಣಗಳೂ ಇದ್ದವು. ಕೃಷ್ಣೆ ಉಕ್ಕಿ ಬಂದು ದಂಡೆಯ ಕಬ್ಬನ್ನು ನೀರಿನಲ್ಲಿ ಕೊಳೆಸಿದ್ದಳು. ಲಾಕ್‌ಡೌನಿನ ವರ್ಷ ಪೇಟೆ ಬಾಗಿಲು ಹಾಕಿ, ಎಮ್ಮೆಗಳು ದ್ರಾಕ್ಷಿ ತಿಂದು ತಿಂದು ಬೇಸತ್ತು ಮುಖ ತಿರುಗಿಸಿದ್ದವು. ಗಡಿಯ ಗದ್ದಲ ಎದ್ದಾಗೆಲ್ಲ ಬಸ್ಸುಗಳು ಆಚೆಯವು ಆಚೆ, ಈಚೆಯವು ಈಚೆ ನಿಂತುಬಿಡುತ್ತಿದ್ದವು. ಹಲ್ಲು ಕಟ್ಟಿಸಿಕೊಳ್ಳಲು ಮಿರಜಿಗೆ ಹೋಗಿದ್ದ ಚೇರಮನ್ನರು ಒಮ್ಮೆ ಮೇಲಿನ ಸಾಲಷ್ಟೇ ಕಟ್ಟಿಸಿಕೊಂಡು, ಕೆಳಗಿನದನ್ನು ಅಲ್ಲೇ ಬಿಟ್ಟು, ನಡೆದೇ ಗಡಿ ದಾಟಿ ಬಂದಿದ್ದರು.

"ಮುಂದಿನ ಕಾಲ ಭಾಳ ಬಿಗಿ ಐತ್ರಿ. ಮಕ್ಕಳನ್ನ ಈಗಿಂದ ತಯಾರ ಮಾಡಬೇಕು" ಎಂದು ಅವರು ಕಟ್ಟೆಯ ಮೇಲೆ ಕೂತು ಸಾರತೊಡಗಿದರು.

ಶೇಡಬಾಳದಿಂದ ಪೇಪರು ಓದುವ ನೆಪದಲ್ಲಿ ದಿನವೂ ಬರುವ ಗೆಳೆಯ ತವನಪ್ಪ ಕಣ್ಣು ಮೇಲೆತ್ತದೆ ಕೇಳಿದ: "ಮಾಡೋಣಂತ. ಎದಕ್ಕ ತಯಾರ ಮಾಡೂದು, ಅದನ್ನರ ಹೇಳ್ರಿ."

"ಎಲ್ಲಾದಕ್ಕೂ."

"ಎಲ್ಲಾದಕ್ಕೂ ತಯಾರಿದ್ದಾವ ಒಬ್ಬನ್ನ ನಾ ನೋಡೀನ್ರಿ. ಎರಡೂ ಪಕ್ಷದ ಶಾಲು ಒಂದ ಚೀಲದಾಗ ಇಟ್ಕೊಂಡು ಅಡ್ಯಾಡತಿದ್ದ."

ಚೇರಮನ್ನರಿಗೆ ಆಗ ಎಲೆಗೆ ಸುಣ್ಣ ಹಚ್ಚುವ ಕೆಲಸ ನೆನಪಾಯಿತು.

ತಯಾರು ಮಾಡಲು ಮನೆಯಲ್ಲಿದ್ದುದು ಒಂದೇ ಮಗು: ಮಗ ಸಿದ್ದಲಿಂಗನ ಮಗಳು ಕೋಮಲ, ಎಂಟನೇ ತರಗತಿ. ಮೊದಲ ಪಾಠ ಅಮಾವಾಸ್ಯೆಯಂದು ನಡೆಯಿತು. ಅಂದು ಹೇಗೂ ಹೊಲದ ಕೆಲಸಕ್ಕೆ ಬಿಡುವು. ಯುದ್ಧ ಬಂದಿದೆ ಎಂದು ತಿಳಿದು ಬದುಕಬೇಕು, ಕರೆಂಟಿಲ್ಲ, ಗ್ಯಾಸಿಲ್ಲ, ಮೊಬೈಲಿಲ್ಲ ಎಂದು ಚೇರಮನ್ನರು ಆಜ್ಞೆ ಹೊರಡಿಸಿದರು. ಕೋಮಲ ಅಜ್ಜಿ ಚನ್ನವ್ವನ ಜತೆ ಹಿತ್ತಲಲ್ಲಿ ಒಲೆ ಹೂಡಿ, ಕಲ್ಲಿನಲ್ಲಿ ಖಾರ ಅರೆದು ಖುಷಿಪಟ್ಟಳು. ಮಧ್ಯಾಹ್ನದ ಹೊತ್ತಿಗೆ ಫ್ಯಾನಿಲ್ಲದೆ ಬೆಂದುಹೋದ ಚೇರಮನ್ನರು ಮೆಲ್ಲಗೆ ಎದ್ದು ಟಿವಿ ಹಚ್ಚಿದರು.

"ಇದೇನ್ರಿ ಇದು?" ಎಂದಳು ಚನ್ನವ್ವ.

"ಯುದ್ಧ ಎಲ್ಲಿತನಾ ಬಂತು ಅಂತ ತಿಳೀಬೇಕಲ್ಲ!"

"ನಿಂತೈತಿ ಅಂತ ಹೇಳ್ರಿ. ನಾ ಮಿಕ್ಸರ್ ಹಚ್ಚತೀನಿ."

ಎರಡನೆಯ ಪಾಠಕ್ಕೆ ಅವರು ಹೆಚ್ಚು ಯೋಚನೆ ಮಾಡಿದರು. ದ್ರಾಕ್ಷಿ ತೋಟದ ಒಂದು ಸಾಲನ್ನು ಕೋಮಲಳ ಕೈಗೆ ಕೊಡುವುದು. ಆ ಸಾಲಿನ ಕಾರಭಾರವೆಲ್ಲ ಅವಳದೇ. ಅವಳು ಯಾರ ಸಲಹೆಯನ್ನೂ ಕೇಳಬಾರದು, ಯಾರೂ ತಾವಾಗಿ ಹೇಳಲೂ ಬಾರದು. ತಪ್ಪಿದರೆ ತಪ್ಪಲಿ, ತಪ್ಪಿಯೇ ಕಲಿಯಲಿ.

ಸಿದ್ದಲಿಂಗ ಒಪ್ಪಿದ. "ಬಾವಿ ಕಡೇದು ಕೊಡೋಣಪಾ. ಅಲ್ಲಿ ಗಿಡಗಳ ಆಸರಾ ಐತಿ."

"ಛೇ, ರಸ್ತೆ ಬದೀದು ಕೊಡು."

"ಅಪ್ಪಾ, ಅದಕ್ಕ ಪಡುವಣ ಗಾಳಿ ನೆಟ್ಟಗ ಬಡೀತೈತಿ."

"ಬಡೀಲಿ. ಬಸ್ಸಿನಾಗ ಹೋಗೂ ಮಂದೀದು ಕಣ್ಣೂ ಬಡೀತೈತಿ."

ಮರುದಿನವೇ ಆ ಸಾಲಿನ ತುದಿಗೆ ತಗಡಿನ ಬೋರ್ಡು ಎದ್ದಿತು. 'ಕುಮಾರಿ ಕೋಮಲ ಇವರ ದ್ರಾಕ್ಷಿ' ಎಂಬುದು ಸಣ್ಣ ಅಕ್ಷರದಲ್ಲಿ. 'ಮಾರ್ಗದರ್ಶನ: ಮಾಜಿ ಚೇರಮನ್ನರು' ಎಂಬುದು ಅದರ ಕೆಳಗೆ ದಪ್ಪ ಅಕ್ಷರದಲ್ಲಿ. ಮಾರ್ಗದರ್ಶನವೇ ಇರಕೂಡದೆಂಬ ನಿಯಮ ಮಾಡಿದವರೂ ತಾವೇ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿಯಿಂದ ಹುಡುಗಿಯ ಕಾರಭಾರ ಶುರುವಾಯಿತು. ಕೆಲವು ಬಳ್ಳಿಗಳನ್ನು ಅತಿಯಾಗಿ ಕತ್ತರಿಸಿದಳು. ಅದನ್ನು ಕಂಡ ಚೇರಮನ್ನರು ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಮನೆಗೆ ನಡೆದರು. ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಅಮಾವಾಸ್ಯೆಯ ಯುದ್ಧಕ್ಕಿಂತ ಕಠಿಣವಾಯಿತು. ಚಳಿಗಾಲವೆಲ್ಲ ಹುಡುಗಿ ಶಾಲೆಗೆ ಮೊದಲೊಮ್ಮೆ, ಶಾಲೆಯಾದ ಮೇಲೊಮ್ಮೆ ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಒತ್ತಾದ ಗೊಂಚಲುಗಳಿಂದ ಹೆಚ್ಚಿನ ಕಾಳು ಬಿಡಿಸಿದಳು. ಮಾರ್ಚಿನ ಹೊತ್ತಿಗೆ ಗೊಂಚಲುಗಳು ಬೆಳಕು ಕುಡಿದು ತೂಗತೊಡಗಿದವು. ಚೇರಮನ್ನರು ಇಸ್ತ್ರಿ ಧೋತರ ಉಟ್ಟು ಬಸ್ಸಿನ ಹೊತ್ತಿಗೆ ಸರಿಯಾಗಿ ಬೋರ್ಡಿನ ಪಕ್ಕ ನಿಲ್ಲುತ್ತಿದ್ದರು.

ಒಂದು ಸಂಜೆ ಪಡುವಣ ದಿಕ್ಕು ಕಪ್ಪಾಯಿತು. ಸಿದ್ದಲಿಂಗನ ತೋಟಕ್ಕೆ ಕೊಯ್ಲಿನ ಆಳುಗಳು ಇನ್ನೂ ಬಂದಿರಲಿಲ್ಲ. ಕೋಮಲಳ ಒಂದು ಸಾಲನ್ನು ಮಾತ್ರ ಮನೆಯವರೇ ಸೇರಿ ಕತ್ತಲಾಗುವುದರೊಳಗೆ ಕೊಯ್ದು ಮುಗಿಸಬಹುದಿತ್ತು. ಅವಳು ಅಜ್ಜನ ಬಳಿ ಬಂದು ನಿಂತಳು.

"ಮುತ್ಯಾ, ಮಾಡ ಆಗೈತಿ. ಇನ್ನೂ ಪೂರಾ ಸಿಹಿ ಬಂದಿಲ್ಲ. ಏನ ಮಾಡಲಿ, ಕೊಯ್ಲ್ಯಾ?"

ಕೊಯ್ಯಿ ಎಂಬ ಮಾತು ಅವರ ಗಂಟಲಿನವರೆಗೂ ಬಂದಿತ್ತು. ಆದರೆ ಕಟ್ಟೆಯ ಮೇಲೆ ತವನಪ್ಪನಿದ್ದ, ಇನ್ನೂ ನಾಲ್ಕು ಮಂದಿ ಇದ್ದರು. ಚೇರಮನ್ನರು ಎದೆ ಉಬ್ಬಿಸಿ, "ನಿನ್ನ ಸಾಲು, ನಿನ್ನ ನಿರ್ಣಯ" ಎಂದರು.

ಅವಳು ಸ್ವಲ್ಪ ಹೊತ್ತು ಆಕಾಶ ನೋಡಿ, "ಹಂಗಾರ ತಡೀತೀನಿ" ಎಂದಳು.

ಮರುದಿನ ಮಧ್ಯಾಹ್ನ ಆಲಿಕಲ್ಲು ಬಿತ್ತು. ಗಾಳಿ ಅದನ್ನು ಮೇಲಿನಿಂದ ಸುರಿಯಲಿಲ್ಲ, ಪಕ್ಕದಿಂದ ಎಸೆಯಿತು. ಬೋರ್ಡು ಹಾರಿ ರಸ್ತೆಯಾಚೆಯ ಕಬ್ಬಿನಲ್ಲಿ ಬಿತ್ತು. ಎಲ್ಲ ಮುಗಿದಾಗ ನೆಲ ಬೆಳ್ಳಗಾಗಿತ್ತು, ಊರ ತುಂಬ ಒಡೆದ ದ್ರಾಕ್ಷಿಯ ಸಿಹಿ ವಾಸನೆ. ಕೋಮಲ ತನ್ನ ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಂದಳು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಬೆಳಗಾಗುವುದರೊಳಗೆ ಚೇರಮನ್ನರು ಒಂದು ಸಮಾಧಾನದ ಭಾಷಣ ಸಿದ್ಧ ಮಾಡಿಕೊಂಡಿದ್ದರು. ಸೋಲನ್ನು ಹೇಗೆ ತಡೆದುಕೊಳ್ಳಬೇಕೆಂಬುದಕ್ಕೆ ಅದರಲ್ಲಿ ತಮ್ಮ ಚುನಾವಣೆಗಳ ಉದಾಹರಣೆಗಳೇ ಇದ್ದವು. ಪಡಸಾಲೆಯಲ್ಲಿ ಸಿದ್ದಲಿಂಗ ತಲೆಗೆ ಕೈಹೊತ್ತು ಕೂತಿದ್ದ. ಹುಡುಗಿಯ ಹಾಸಿಗೆ ಖಾಲಿಯಿತ್ತು.

"ಕೋಮಲ ಎಲ್ಲಿ?"

"ಬೆಳಕ ಹರಿಯೂದ್ರಾಗ ತ್ವಾಟಕ್ಕ ಹೋತು. ನಾ ಚಾ ಕುಡದ ಹೋಗು ಅಂದೆ, ಕೇಳ್ಲಿಲ್ಲ" ಎಂದಳು ಚನ್ನವ್ವ.

ಭಾಷಣ ಅಲ್ಲೇ ಉದುರಿಹೋಯಿತು. ಹದಿಮೂರರ ಹುಡುಗಿ, ಆರು ತಿಂಗಳ ದುಡಿಮೆ ಕಣ್ಣೆದುರು ನೆಲಕ್ಕೆ ಬಿದ್ದಿದೆ, ತೋಟದಲ್ಲಿ ಬಾವಿ ಇದೆ. ಚೇರಮನ್ನರು ಒಂದು ಕಾಲಿಗೆ ತಮ್ಮ ಮೆಟ್ಟು, ಇನ್ನೊಂದಕ್ಕೆ ಮಗನದು ಹಾಕಿಕೊಂಡು ಓಡಿದರು. ರಸ್ತೆ ಬದಿಯ ಸಾಲಿನಲ್ಲಿ ಯಾರೂ ಇರಲಿಲ್ಲ. ಎಲೆಯೆಲ್ಲ ಹರಿದು ಜಾಲರಿಯಾಗಿತ್ತು, ಗೊಂಚಲೆಂಬುದು ಬರೀ ತೊಟ್ಟು.

"ಕೋಮಲಾ! ಅವ್ವೀ!"

"ಇಲ್ಲಿ ಅದೀನಿ, ಮುತ್ಯಾ" ಎಂಬ ಧ್ವನಿ ಬಾವಿಯ ಕಡೆಯಿಂದ ಬಂತು. ಅವರು ಅತ್ತ ಓಡಿದರು.

ಅವಳು ಬಾವಿಯಾಚೆ ಅಪ್ಪನ ಸಾಲುಗಳ ಕೆಳಗೆ, ಗೊಬ್ಬರದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು. ಕೈಯಲ್ಲಿ ಸಣ್ಣ ಕತ್ತರಿ. ಪಕ್ಕದ ಬಳ್ಳಿಗೆ ಅವಳ ಗೆಳತಿ ಕಾಜಲ. ಇಬ್ಬರೂ ಗೊಂಚಲು ಗೊಂಚಲಾಗಿ ಹಿಡಿದು ಒಡೆದ ಕಾಳುಗಳನ್ನು ಮಾತ್ರ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಆಗಲೇ ಒಂದೂವರೆ ಸಾಲು ಸ್ವಚ್ಛವಾಗಿ ಹೊಳೆಯುತ್ತಿತ್ತು.

ಚೇರಮನ್ನರು ಉಸಿರು ಹಿಡಿದು ಕೇಳಿದರು: "ನಿನ್ನ ಸಾಲು, ಅವ್ವಿ?"

"ಅದು ಹೋತು. ನಿನ್ನೆ ನೋಡಿದೆ. ಗಿಡಗಳ ಮರೆಗಿದ್ದ ಇವು ಉಳದಾವ. ಒಡದ ಕಾಳು ಹಂಗ ಬಿಟ್ರ ಉಳದವೂ ಕೊಳೀತಾವ. ಇವತ್ತ ತಗದ್ರ ಅಪ್ಪಂದು ಅರ್ಧಾರ ಒಣಗಿಸಿ ಮಣೂಕಾ ಮಾಡಾಕ ಆಕ್ಕೈತಿ."

"ಯಾರ ಹೇಳಿದ್ರು ನಿನಗ?"

"ಯಾರ ಹೇಳತಾರ? ಯಾರೂ ಹೇಳಬಾರ್ದು ಅಂತ ನೀನ ಅಂದಿದ್ದಿ."

ಅವಳ ಕಣ್ಣು ಊದಿದ್ದವು. ಅತ್ತಿದ್ದಾಳೆ, ಬಹಳ ಅತ್ತಿದ್ದಾಳೆ. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ತನ್ನದು ತನ್ನದೆಂದು ಚಳಿಗಾಲವಿಡೀ ಸಾಕಿದ್ದನ್ನು ಒಂದೇ ರಾತ್ರಿಯಲ್ಲಿ ಕೆಳಗಿಳಿಸಿ, ಉಳಿಯುವುದರ ಕಡೆಗೆ ನಡೆದು ಬಂದಿದ್ದಾಳೆ. ಚೇರಮನ್ನರು ಬಾಯಿ ತೆರೆದು ನೋಡುತ್ತ ನಿಂತರು. ಇಪ್ಪತ್ತು ವರ್ಷದ ಹಿಂದೆ ಕೈಬಿಟ್ಟುಹೋದ ಒಂದು ಕುರ್ಚಿಯನ್ನು ತಾವು ಇನ್ನೂ ತಲೆಯಿಂದ ಇಳಿಸಿಲ್ಲ. ಈ ಹುಡುಗಿ ಇದನ್ನು ಎಲ್ಲಿ ಕಲಿತಳು? ಯಾವ ಅಮಾವಾಸ್ಯೆಯಲ್ಲೂ ತಾವು ಹೇಳಿಕೊಟ್ಟದ್ದಲ್ಲ. ಕೃಷ್ಣೆಯನ್ನೂ ಲಾಕ್‌ಡೌನನ್ನೂ ಗಡಿಯ ಗದ್ದಲವನ್ನೂ ಕಂಡು ಇಷ್ಟು ಬೆರಗಾಗದ ಮನುಷ್ಯನಿಗೆ ಅಂದು ಡಬ್ಬಿಯ ಮೇಲೆ ತುದಿಗಾಲಲ್ಲಿ ನಿಂತ ಮೊಮ್ಮಗಳನ್ನು ಕಂಡು ಕೈಮುಗಿಯಬೇಕೆನಿಸಿತು.

"ತಪ್ಪು ನಂದವ್ವ. ರಸ್ತೆ ಬದೀದು ಕೊಟ್ಟಾಂವ ನಾ. ಮೊನ್ನೆ ಕೇಳಿದಾಗರ ಕೊಯ್ಯಿ ಅನ್ನಬೇಕಿತ್ತು. ಮಂದಿ ಮುಂದ ದೊಡ್ಡಸ್ತನಕ್ಕ ಬಿದ್ದೆ."

"ಅಂದಿದ್ರೂ ಕೇಳತಿದ್ದಿಲ್ಲ ಬಿಡು. ಸಿಹಿ ಬರಲಿ ಅಂತ ನನಗ ಆಶಾ ಇತ್ತು." ಅವಳು ಕತ್ತರಿ ನಿಲ್ಲಿಸದೆ ಹೇಳಿದಳು. "ಮುತ್ಯಾ, ಸುಮ್ನ ನಿಂದರಬ್ಯಾಡ. ಬಿಸಲ ಏರಾಕತ್ತೈತಿ."

"ಯಾವ ಸಾಲ ಹಿಡೀಲಿ?"

"ಆ ಮೂರನೇದು. ಒಡದದ್ದಷ್ಟ ತಗಿ. ಗೊಂಚಲಾ ಹಿಚುಕಬ್ಯಾಡ."

ಕಾಜಲ ತನ್ನ ಕತ್ತರಿಯನ್ನು ಅವರಿಗೆ ಕೊಟ್ಟು, ತಾನು ಉಗುರಿನಿಂದಲೇ ಕೆಲಸ ಮುಂದುವರಿಸಿದಳು. ಚೇರಮನ್ನರು ಧೋತರ ಮೇಲಕ್ಕೆ ಕಟ್ಟಿ ಮೂರನೆಯ ಸಾಲಿಗೆ ಹೋದರು. ಕತ್ತು ಮೇಲೆತ್ತಿ ನಿಂತ ಸ್ವಲ್ಪ ಹೊತ್ತಿಗೇ ಹೆಗಲು ಸೇದತೊಡಗಿತು, ರಸ ಮೊಳಕೈವರೆಗೆ ಇಳಿದು ಇರುವೆ ಮುತ್ತಿದವು. ಆದರೂ ಅವರು ಕತ್ತರಿ ಬಿಡಲಿಲ್ಲ. ತುಸು ಹೊತ್ತಿನಲ್ಲಿ ಸಿದ್ದಲಿಂಗ ಬಂದು ಬದುವಿನ ಮೇಲೆ ನಿಂತ. ಮಗಳನ್ನು ನೋಡಿದ, ಅಪ್ಪನನ್ನು ನೋಡಿದ, ನಾಲ್ಕನೆಯ ಸಾಲು ಹಿಡಿದ.

ಕೋಮಲ ಡಬ್ಬಿಯನ್ನು ಎಳೆದುಕೊಂಡು ಅಜ್ಜನ ಬಳ್ಳಿಯ ಹತ್ತಿರ ಬಂದು, ಅವರು ಮುಗಿಸಿದ ಗೊಂಚಲೊಂದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು.

"ಇಲ್ಲೊಂದ ಬಿಟ್ಟಿ ನೋಡು, ಮುತ್ಯಾ."

"ಎಲ್ಲಿ?" ಎಂದು ಅವರು ಕತ್ತು ಚಾಚಿದರು. ಅವಳು ತೋರಿಸಿದ ಕಾಳನ್ನು ಜೋಪಾನವಾಗಿ ತೆಗೆದರು.