ಗಾಡಿಯೊಳಗೆ ಆಡಬಾರದ ಮಾತು

ಮೌಶಿಯ ಬಲಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎಂದೋ ರೈಲಿನ ಬಾಗಿಲಿಗೆ ಸಿಕ್ಕಿ ಜಜ್ಜಿ, ಕೊಕ್ಕೆಯಂತೆ ಒಳಕ್ಕೆ ಬಾಗಿಬಿಟ್ಟಿತ್ತು. ಟ್ಯಾಕ್ಸಿ ಬಂದು ನಿಂತರೆ ಸಾಕು, ಆ ಕೈಯಿಂದಲೇ ಹಿಂದಿನ ಬಾಗಿಲು ಎಳೆದು ಹಿಡಿದು, ಡ್ರೈವರ್ ಮುಖ ಸಿಂಡರಿಸಿದರೂ ಲೆಕ್ಕಿಸದೆ ಬಾಗಿಲಂಚಿನ ಚೈಲ್ಡ್ ಲಾಕ್ ನೋಡುತ್ತಿದ್ದರು. ಅದು ಬಿದ್ದಿದ್ದರೆ ಒಳಗೆ ಕೂತವರು ಬಾಗಿಲು ತೆಗೆಯಲಾರರು.

ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿ ಅವರದು ನಮ್ಮ ಕೆಳಗಿನ ಮನೆ. ರಾಯಚೂರು ಕಡೆಯವರು, ರೈಲ್ವೆ ಕಚೇರಿಯಿಂದ ನಿವೃತ್ತರು, ಒಂಟಿ ಜೀವ. ರಕ್ತಸಂಬಂಧವೇನಿಲ್ಲ. ಮಗಳು ಚಿಕ್ಕಮ್ಮ ಅನ್ನುವ ಹಾಗೆ ಮೌಶಿ ಎಂದು ಕರೆದಳು, ಹಾಗಾಗಿ ನನಗೂ ಮೌಶಿ. ನೀರಿನ ಮೋಟರ್ ವಿಷಯಕ್ಕೆ ನನಗೂ ಅವರಿಗೂ ಮೆಟ್ಟಿಲ ಮೇಲೆ ಜಗಳ ನಡೆಯುತ್ತಲೇ ಇರುತ್ತಿತ್ತು. ಅವರದು ಜೋರು ಬಾಯಿ, ನಾನೇನು ಕಡಿಮೆಯವಳೇ?

ಮಗಳು ಇಂಟರ್, ಅಂದರೆ ಪಿಯುಸಿ, ಸೇರಿ ಒಬ್ಬಳೇ ಟ್ಯಾಕ್ಸಿಯಲ್ಲಿ ಓಡಾಡಬೇಕಾದಾಗ ನನಗೆ ಚಿಂತೆ ಹತ್ತಿತು. ನಾನು ಕೊಂಡಾಪುರದ ಆಫೀಸಿನಲ್ಲಿ, ಗಂಡ ಕೆಲಸದ ಮೇಲೆ ಊರೂರು. ಅವಳಿಗೆ ತಾಲೀಮು ಕೊಟ್ಟವರು ಮೌಶಿ.

“ಗಾಡಿ ಬಂತಂತ ಏರಬ್ಯಾಡ, ನಂಬರ್ ನೋಡು. ನಿನ್ನ ಹೆಸರು ಅವ ಹೇಳ್ಲಿ, ನೀ ಹೇಳಬ್ಯಾಡ. ಹಿಂದ ಕೂಡು. ಮನೀ ಮುಟ್ಟೋತನಕ ಫೋನ್ ಕಟ್ ಮಾಡಿದಿ ಅಂದ್ರ ನೋಡು ಮತ್ತ!”

“ಮೌಶಿ, ಇದೇನು ಮಿಲಿಟ್ರೀನಾ?” ಎಂದು ಮಗಳು ನಗುತ್ತಿದ್ದಳು.

“ಹೌದು, ಮಿಲಿಟ್ರೀನ. ಮತ್ತ ಮನೀ ಮಾತು ಏನರ ಇದ್ರ ಕನ್ನಡದಾಗ ಆಡು. ಅವಗೇನು ತಿಳೀತದ?”

ನಮ್ಮೆಲ್ಲರ ರೂಢಿಯೂ ಅದೇ ಆಗಿತ್ತು. ಹೊರಗೆ ತೆಲುಗು, ಹಿಂದಿ. ಗುಟ್ಟಿಗೆ ಮಾತ್ರ ಕನ್ನಡ. ಸುಲ್ತಾನ್ ಬಜಾರಿನಲ್ಲಿ ಸೀರೆಯಂಗಡಿಯವನ ಮುಖ ನೋಡುತ್ತಲೇ “ಭಾಳ ಹೇಳಾಕತ್ತಾನ, ಏಳು” ಎನ್ನುವುದು ನಮಗೊಂದು ಖುಷಿ. ಗಡಿಯಂಚಿನ ಜಹೀರಾಬಾದ್, ನಾರಾಯಣಖೇಡದ ಕಡೆಯಿಂದ ಬಂದು ಇಲ್ಲಿ ಗಾಡಿ ಓಡಿಸುವ ಎಷ್ಟೋ ಮಂದಿಗೆ ಕನ್ನಡ ಬರುತ್ತದೆಂದು ನಮ್ಮ ಜಾಣ ತಲೆಗಳಿಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಮೌಶಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ದವಾಖಾನೆಯಲ್ಲಿ ಕೂತಿದ್ದರು. ಮಗಳು ಕಾಲೇಜಿನಿಂದ ಟ್ಯಾಕ್ಸಿ ಹತ್ತಿದ್ದಳು. ಮೌಶಿ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು.

“ಪಪ್ಪಾ ಕಲಬುರಗಿಗೆ ಹೋಗ್ಯಾರ, ನಿಮ್ಮಮ್ಮ ಬರೂದು ತಡ ಐತಿ. ನಾನೂ ಮನ್ಯಾಗಿಲ್ಲ. ಕೀಲಿ ಚಪ್ಪಲಿ ಸ್ಟ್ಯಾಂಡಿನ ಹಿಂದ ಐತಿ. ಒಬ್ಬಾಕೇ ಇರ್ತಿ, ಬಾಗಲಾ ಗಟ್ಟಿ ಹಾಕ್ಕೋ.”

ಮಗಳದು ಹಳೆಯ ಫೋನು, ಮೌಶಿಯ ದನಿ ಗಾಡಿಗೆಲ್ಲ ಕೇಳುವಂತಿತ್ತು. ಡ್ರೈವರ್ ಹಾಡು ನಿಲ್ಲಿಸಿದ. ಆಮೇಲೆ ಮೆಲ್ಲಗೆ, ಅಚ್ಚ ಕನ್ನಡದಲ್ಲಿ ಕೇಳಿದ: “ನಿಮ್ಮ ಅವ್ವಾರು ಎಷ್ಟೊತ್ತಿಗೆ ಬರ್ತಾರವ್ವಾ?”

ಅದು ಮೌಶಿಗೂ ಕೇಳಿಸಿತು. ಕೂಡಲೇ ಸುಳ್ಳು ಹೇಳಿದರು: “ಸ್ಟೇಷನ್ ಮುಂದ ಮೆಡಿಕಲ್ ಅಂಗಡಿ ಹತ್ರ ಇಳಿ. ನಾ ಅಲ್ಲೇ ನಿಂತೀನಿ.” ಮಗಳು ನಿಲ್ಲಿಸಲು ಹೇಳಿದಳು. “ಬಿಸಲಾಗ ಯಾಕ ಇಳೀತಿ? ಮನೀತನಕ ಬಿಡ್ತೀನಲ್ಲ” ಎಂದ ಅವನು, ಅಂಗಡಿ ದಾಟಿ ಮುಂದೆ ಹೋದ. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದನಂತೆ. ಸೇತುವೆಯ ಕೆಳಗೆ ವಾಹನಗಳು ಸಿಕ್ಕಿಕೊಂಡು ಗಾಡಿ ನಿಂತಿತು. ಮಗಳು ಅದನ್ನು ಫೋನಿನಲ್ಲಿ ಪಿಸುಗುಟ್ಟಿದಳು.

“ಬಾಗಲಾ ತಗೀ! ಚೀಲ ಸಾಯ್ಲಿ, ನೀ ಇಳಿ!”

ಮೌಶಿ ಕೂಗಿದ್ದಕ್ಕೆ ದವಾಖಾನೆಯೇ ತಿರುಗಿ ನೋಡಿತಂತೆ. ಮಗಳು ಚೀಲ ಬಿಟ್ಟು ಹಾರಿ, ಎದುರಿಗಿದ್ದ ಟಿಫಿನ್ ಸೆಂಟರಿಗೆ ಓಡಿದಳು. ಔಷಧಿಯಿಂದ ಕಣ್ಣು ಮಂಜಾಗಿದ್ದ ಮೌಶಿ ಆಟೋದಲ್ಲಿ ಬಂದು, ಗೋಡೆ ತಡವುತ್ತ ಒಳಗೆ ಹೋಗಿ ಅವಳ ಕೈ ಹಿಡಿದರು. ಮನೆಗೆ ಬಂದವರೇ ಮೊದಲು ಕೀಲಿ ಎತ್ತಿಕೊಂಡು, ಮಗಳನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡು ಚಿಲಕ ಹಾಕಿದರು.

ಸಂಜೆ ನಾನು ಬಂದಾಗ ನಮ್ಮ ಬಾಗಿಲ ಹಿಡಿಗೆ ಆ ಚೀಲ ನೇತುಹಾಕಿತ್ತು. ಟ್ಯಾಕ್ಸಿ ಬುಕಿಂಗಿನಲ್ಲಿ ಇದ್ದುದು ಕಟ್ಟಡದ ವಿಳಾಸ ಮಾತ್ರ, ನಮ್ಮದು ಮೇಲಿನ ಮನೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಸ್ಟ್ಯಾಂಡ್ ಗೋಡೆಯಿಂದ ಈಚೆಗೆ ಸರಿದಿತ್ತು. ಕೀಲಿ ತೆಗೆದ ಮೇಲೆ ಮೌಶಿ ಅದನ್ನು ಗೋಡೆಗೆ ಒತ್ತಿಟ್ಟೇ ಬಂದಿದ್ದರಂತೆ.

ಪೊಲೀಸರು ಅವನನ್ನು ಕರೆಸಿದರು. ಬಿಟ್ಟುಹೋದ ಚೀಲ ಕೊಡಲು ಬಂದಿದ್ದೆ ಎಂದನಂತೆ. ಗದರಿಸಿ ಕಳಿಸಿದರು. ನಾವು ಬೀಗ ಬದಲಾಯಿಸಿದೆವು.

“ನನ್ನ ಬಾಯಿಗೆ ಬೆಂಕಿ ಬೀಳ್ಲಿ” ಎಂದು ಮೌಶಿ ತಲೆ ಚಚ್ಚಿಕೊಂಡರು. “ಕೂಸಿನ ಗುಟ್ಟೆಲ್ಲಾ ನಾನ ಅವನ ಕೈಯಾಗ ಕೊಟ್ಟೆನಲ್ಲವಾ!”

“ನೀವಿರಲಿಲ್ಲಂದ್ರ ಏನಾಗ್ತಿತ್ರೀ ಮೌಶಿ?” ಎಂದು ನಾನು ಅವರನ್ನು ತಬ್ಬಿಕೊಂಡು ಅತ್ತೆ. ಅವರಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಮಗಳು ಗಾಡಿಯಲ್ಲಿರುವಾಗ ಫೋನಿನಲ್ಲಿ ಬರೀ ಪಾಠ, ಪರೀಕ್ಷೆಯ ಮಾತು. ಅವಳು ಮೆಟ್ಟಿಲು ಹತ್ತುವವರೆಗೂ ಗೇಟಿನಲ್ಲಿ ನಿಂತಿರುತ್ತಿದ್ದರು. ಅವನದರಂಥ ಬಿಳಿ ಕಾರು ಓಣಿಗೆ ಬಂದರೆ ಮೊದಲು ಅದರ ನಂಬರ್ ನೋಡುತ್ತಿದ್ದರು. ನಾನೂ.

ಹೋದ ಚಳಿಗಾಲದಲ್ಲಿ ಊಟ ಮಾಡಿ ಮಲಗಿದ ಮೌಶಿ ಏಳಲಿಲ್ಲ. ನನಗೆ ದಿಕ್ಕೇ ತೋಚದೆ ಮಗಳಿಗೆ ಫೋನ್ ಮಾಡಿ, “ಮೌಶಿ ಹೋದ್ರು, ನಾ ಒಬ್ಬಾಕೇ ಇದ್ದೀನಿ” ಎಂದು ಗೊಳೋ ಎಂದೆ.

“ಹೌದಾ? ಆತಮ್ಮಾ” ಎಂದಳು, ಯಾರದೋ ಸುದ್ದಿ ಕೇಳಿದವಳಂತೆ. “ಪಪ್ಪಾ, ಕಾಕಾ ಎಲ್ಲಾರೂ ಗೇಟಿನ್ಯಾಗ ನಿಂತಾರಲ್ಲ? ನಾ ಬರಾಕತ್ತೀನಿ.”

ಗಂಡ ಕಲಬುರಗಿಯಲ್ಲಿದ್ದರು, ಕಾಕಾ ಎಂಬವರು ನಮಗೆ ಯಾರೂ ಇಲ್ಲ. ಅವಳು ಟ್ಯಾಕ್ಸಿಯಲ್ಲಿದ್ದಾಳೆಂದು ಆಗ ತಿಳಿಯಿತು.

ಗೇಟಿನಲ್ಲಿ ನಾನೊಬ್ಬಳೇ ನಿಂತೆ. ಮಗಳು ಇಳಿದಳು, ಬಾಗಿಲು ಹಾಕಿದಳು, ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು. ಗಾಡಿ ತಿರುವು ದಾಟಿ ಕಣ್ಮರೆಯಾಗುವವರೆಗೂ ನೆಟ್ಟಗೆ ನಿಂತು ನೋಡಿದಳು. ಆಮೇಲೆ ರಸ್ತೆಯಲ್ಲೇ ಕುಸಿದು ಕೂತು, “ಮೌಶೀ” ಎಂದು ಚೀರಿ ಅತ್ತಳು.