ಮುಸ್ಸಂಜೆ ಬಿಡುವಿಲ್ಲದ ಗುಣವತಿ

ಮೊದಲು ಒಲೆ, ನಂತರ ಹಿಟ್ಟು, ಆಮೇಲೆ ಹಗಲಿನ ಬೆಳಕು. ಉಳ್ಳಾಲದ ಗುಣವತಿಯವರ ದಿನ ಈ ಕ್ರಮದಲ್ಲಿ ಆರಂಭವಾಗುತ್ತದೆ. ಕುಚ್ಚಿಲಕ್ಕಿಯ ಹಿಟ್ಟನ್ನು ಕಾದ ಕಾವಲಿಯ ಮೇಲೆ ತೆಳ್ಳಗೆ ಹರಡುತ್ತಾರೆ. ಅಂಚು ಬಿಟ್ಟುಕೊಂಡ ಕೂಡಲೇ ಎತ್ತಿ, ಬಿಸಿಯಿರುವಾಗಲೇ ಮಡಚುತ್ತಾರೆ. ಕೋಳಿ ಸಾರಿನೊಂದಿಗೆ ತಿನ್ನುವ ಈ ಗರಿಗರಿ ಕೋರಿ ರೊಟ್ಟಿ ತಣಿದರೆ ಮಡಚಲು ಬಾರದು, ಮುರಿಯುತ್ತದೆ.

ಇದೇ ಕಾವಲಿಯಲ್ಲಿ, ಗುಣವತಿಯವರ ತಾಯಿಯಿಂದಲೇ ರೊಟ್ಟಿ ಕಲಿತ ಇನ್ನೊಬ್ಬರಿದ್ದಾರೆ: ತಮ್ಮ ತಾರಾನಾಥ. ನೇತ್ರಾವತಿ ಸೇತುವೆಯಾಚೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಅವರಿಗೆ ರೊಟ್ಟಿಯ ಶೆಡ್, ಯಂತ್ರ, ಹೆಸರು ಬರೆದ ವ್ಯಾನ್ ಇವೆ.

"ಹೊಟ್ಟೆಕಿಚ್ಚು ಉಂಟು, ಸುಳ್ಳು ಯಾಕೆ ಹೇಳಲಿ?" ಎನ್ನುತ್ತಾರೆ ಗುಣವತಿ. "ಅವನ ಶೆಡ್‌ಗೆ ಹೋದರೆ ನಾನು ಚಾ ಕುಡಿಯುವುದಿಲ್ಲ. ಅವನು ಲೋನ್ ತೆಗೆದಾಗ ಎಲ್ಲರೂ ಶಾಬಾಸ್ ಹೇಳಿದರು. ನಾನು ಶೆಡ್ ಕೇಳಿದರೆ, ಮನೆ ಉಂಟಲ್ಲ, ಮತ್ತೆ ಎಂತಕ್ಕೆ ಅಂತಾರೆ."

ಈ ಬಂಟ ಕುಟುಂಬದಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ಅದರೊಂದಿಗೆ ದೈವದ ಕೋಣೆಯ ಮುಸ್ಸಂಜೆ ದೀಪವೂ ಬರುತ್ತದೆ. ಅದನ್ನು ಮನೆಮಗಳೇ ಹಚ್ಚಬೇಕೆಂಬುದು ಇಲ್ಲಿನ ಕಟ್ಟಳೆ. ರೊಟ್ಟಿ ವ್ಯಾಪಾರಕ್ಕೂ ಅದೇ ಹೊತ್ತು ಮುಖ್ಯ: ಹೋಟೆಲ್‌ಗಳಿಗೆ ರೊಟ್ಟಿಯ ಲೋಡ್ ಹೊರಡುವುದು ಆಗಲೇ. ಹೀಗಾಗಿ ಗುಣವತಿಯವರ ವ್ಯಾಪಾರ ಉಳ್ಳಾಲ ದಾಟಿಲ್ಲ.

ಈಗ ತಮ್ಮನ ಪಕ್ಕದ ಶೆಡ್ ಖಾಲಿಯಾಗಿದೆ. ಬೇಕೋ ಬೇಡವೋ ಎಂದು ಗುಣವತಿ ಮಾಲೀಕರಿಗೆ ಇಂದೇ ಉತ್ತರ ಹೇಳಬೇಕು. ಸುದ್ದಿ ತಿಳಿದ ತಾರಾನಾಥ ಬೆಳಗ್ಗೆಯೇ ವ್ಯಾನಿನಲ್ಲಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ.

"ದೀಪ ಯಾರು ಇಡುವುದು ಅಕ್ಕ?"

"ನೀನು ಇಡು."

"ನಾನಾ? ಸಂಜೆ ನೇತ್ರಾವತಿ ಸಂಕದಲ್ಲಿ ಎಂಥ ಬ್ಲಾಕ್ ಗೊತ್ತುಂಟಾ?"

"ಓ, ಆ ಬ್ಲಾಕ್ ನನಗಾದರೆ ದಾರಿ ಬಿಡ್ತದಾ ಮಾರಾಯ?"

ತಾರಾನಾಥ ನಗುತ್ತಾರೆ. ಅಕ್ಕ ನಗುವುದಿಲ್ಲ.

"ನಿನಗೆ ಎಂತ ಕಡಿಮೆ ಅಕ್ಕ? ಇಷ್ಟು ದೊಡ್ಡ ಮನೆ ನಿನ್ನ ಹೆಸರಲ್ಲೇ ಉಂಟು. ನನಗೆ ಎಂತ ಉಂಟು?"

"ಮನೆ ಬೇಕಾದರೆ ನೀನು ಇಟ್ಟುಕೋ. ನನಗೆ ಸಂಜೆ ಕೊಡು."

ಮಾತಿನ ನಡುವೆ ಕಾವಲಿಯ ರೊಟ್ಟಿ ಕಪ್ಪಾಗುತ್ತದೆ. ಗುಣವತಿ ಅದನ್ನು ತೆಗೆದು ಬದಿಗಿಟ್ಟು, ತಮ್ಮನ ಎದುರಿನಲ್ಲೇ ಶೆಡ್ಡಿನ ಮಾಲೀಕರಿಗೆ ಫೋನ್ ಮಾಡುತ್ತಾರೆ. "ಶೆಡ್ ನನಗೇ ಇರಲಿ. ಸಂಜೆ ಬಂದು ಕೀ ತೆಗೊಳ್ತೇನೆ." ನಂತರ ಒಲೆಯ ಪಕ್ಕದ ಬೆಂಕಿಪೊಟ್ಟಣವನ್ನು ತಾರಾನಾಥರ ಕೈಗೆ ಕೊಡುತ್ತಾರೆ. ಅವರು ಅದನ್ನು ಕಿಸೆಗೂ ಹಾಕುವುದಿಲ್ಲ, ಕೆಳಗೂ ಇಡುವುದಿಲ್ಲ.

ಒಂದೇ ಕಾವಲಿಯಲ್ಲಿ ಕಲಿತ ಇಬ್ಬರಲ್ಲಿ, ಮುಸ್ಸಂಜೆಗೆ ದೀಪಕ್ಕೆಂದು ಯಾರೂ ಮನೆಗೆ ಕರೆಯದವರ ವ್ಯಾಪಾರ ಬೆಳೆದಿದೆ.